ಕೊಬ್ಬರಿ ಹಾರ ಇಳಿದ ಮೇಲೆ

ಹಾನಗಲ್ ತಾಲ್ಲೂಕಿನ ಊರೊಂದರ ದನದ ಕೊಟ್ಟಿಗೆಯಲ್ಲಿ, ಗ್ವಾದಲಿಯ ಮಗ್ಗುಲಿಗೆ, ಕಬ್ಬಿಣದ ತಿಜೋರಿಯೊಂದು ನಿಂತಿದೆ. ಮನೆಯೊಳಗೆ ಜಾಗ ಸಾಲದೆ ಹೊರಗೆ ಬಂದದ್ದು; ಒಳಗೆ ಅಂಥವು ಇನ್ನೂ ಎರಡಿವೆ. ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿರುವುದು ಯಜಮಾನನ ಹೆಸರಲ್ಲ, ಹೋರಿಯದು. ಮೇಲಿನ ಅರೆಯಲ್ಲಿರುವುದೂ ಅದರ ಸಾಮಾನೇ: ಕನ್ನಡಿ ಹೊಲಿದ ಜೂಲ, ಗಗ್ಗರ, ಕೊಂಬಿಗೆ ತೊಡಿಸುವ ಹಿತ್ತಾಳೆಯ ಕೊಂಬಣಸು, ಬಣ್ಣ ಮಾಸಿದ ರಿಬ್ಬನ್ನಿನ ಸುರುಳಿ. ತಿಜೋರಿ ಗೆದ್ದ ಹೋರಿ ಎದುರಿಗೇ ನಿಂತು ಗೋವಿನಜೋಳದ ರವದಿ ಮೆಲ್ಲುತ್ತಿದೆ. ಹದಿಮೂರು ತುಂಬಿದೆ. ಮುಂಗಾಲಿನ ಗೊರಸು ಸೀಳಿದ ವರ್ಷದಿಂದ ಅದು ಅಖಾಡಕ್ಕೆ ಇಳಿದಿಲ್ಲ. ಹೊಲದ ಕೆಲಸಕ್ಕಂತೂ ಅದನ್ನು ಎಂದೂ ಹೂಡಿಲ್ಲ. ಹೂಡುವ ಕೆಲಸವನ್ನೆಲ್ಲ ಬಾಡಿಗೆ ಟ್ರ್ಯಾಕ್ಟರು ಮಾಡುತ್ತದೆ.

ಕ್ರೀಡಾಪಟುವಿನ ನಿವೃತ್ತಿ ಎಂದಾಗ ನಮ್ಮ ಕಣ್ಣೆದುರು ಬರುವುದು ಬ್ಯಾಟು ಮೇಲೆತ್ತಿ ಪೆವಿಲಿಯನ್ನಿಗೆ ನಡೆಯುವ ಕ್ರಿಕೆಟ್ಟಿಗ, ಇಲ್ಲವೇ ಪದಕ ಒತ್ತೆಯಿಟ್ಟು ಹೊಟ್ಟೆ ಹೊರೆದ ಹಳೆಯ ಓಟಗಾರ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಆ ಮಾತಿಗೆ ಬೇರೆ ಚಹರೆಯಿದೆ. ಇಲ್ಲಿ ಹೆಸರು, ತಳಿ, ಗೆದ್ದ ಅಖಾಡಗಳ ಸಮೇತ ಜನ ನೆನಪಿಟ್ಟುಕೊಳ್ಳುವ ಆಟಗಾರನಿಗೆ ನಾಲ್ಕು ಕಾಲು. ಅವನ ಎದುರಾಳಿಗೆ ಎರಡು. ಹೋರಿಯೂ ಅದರ ಕೊರಳ ಕೊಬ್ಬರಿಗೆ ಕೈ ಹಾಕುವ ಪೈಲ್ವಾನನೂ ಒಂದೇ ಮಣ್ಣಿನಲ್ಲಿ, ಒಂದೇ ಗದ್ದಲದಲ್ಲಿ, ಹೆಚ್ಚುಕಡಿಮೆ ಅಷ್ಟೇ ವರ್ಷ ಬಾಳುವ ಆಟಗಾರರು. ಆಟದ ದಿನಗಳಲ್ಲಿ ಇಬ್ಬರಿಗೂ ಊರೆಲ್ಲ ಬಂಧು. ಆಮೇಲಿನ ವರ್ಷಗಳನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಮಾತ್ರ ಇಷ್ಟು ದಿನ ಕೊಟ್ಟಿಗೆಯೊಳಗೇ ಉಳಿದಿದೆ.

ಓಣಿಯಿಂದ ಅಖಾಡಕ್ಕೆ

ಈ ಆಟಕ್ಕೆ ಒಂದೇ ಹೆಸರಿಲ್ಲ. ಹೋರಿ ಬೆದರಿಸುವುದು, ಕೊಬ್ಬರಿ ಹೋರಿ, ಹೋರಿ ಹಬ್ಬ, ಹಟ್ಟಿ ಹಬ್ಬ ಎಂದು ಊರಿಗೊಂದು ಮಾತು. ಮೂಲ ದೀಪಾವಳಿಯ ಬಲಿಪಾಡ್ಯಮಿ. ಅಂಗಳದಲ್ಲಿ ಸೆಗಣಿಯ ಹಟ್ಟೆವ್ವನನ್ನು ಕೂರಿಸಿ, ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಒಣಕೊಬ್ಬರಿಯ ಹಾರ ಕಟ್ಟಿ ಊರ ಓಣಿಯಲ್ಲಿ ಓಡಿಸುವುದು ಪದ್ಧತಿ. ಓಡುವ ಹೋರಿಯ ಕೊರಳಿಂದ ಕೊಬ್ಬರಿ ಹರಿದುಕೊಂಡವನು ಗಂಡಸು. ಯಾರ ಕೈಗೂ ಸಿಗದೆ ಓಣಿ ದಾಟಿದ್ದು ಹೋರಿ. ಇದರ ಹತ್ತಿರದ ನಂಟು ಕಾರಹುಣ್ಣಿಮೆಯ ಕರಿ ಹರಿಯುವ ಓಟದೊಂದಿಗೆ. ಮುಂಗಾರು ಹಿಡಿಯುವ ಹೊತ್ತಿನಲ್ಲಿ ಉತ್ತರ ಕರ್ನಾಟಕದ ಊರೂರಲ್ಲಿ ಎತ್ತುಗಳನ್ನು ಓಡಿಸಿ, ಮೊದಲು ಬಂದ ಎತ್ತಿನ ಬಣ್ಣದ ಮೇಲೆ ಆ ವರ್ಷದ ಬೆಳೆಯ ಭವಿಷ್ಯ ಹೇಳುವುದು ಇಂದಿಗೂ ನಿಂತಿಲ್ಲ. ಬಿತ್ತುವ ಮೊದಲೊಂದು ಓಟ, ಒಕ್ಕುವ ಮೊದಲೊಂದು ಓಟ. ದುಡಿಯುವ ದನಕ್ಕೆ ಇವೆರಡೂ ಒಂದು ದಿನದ ರಜೆ, ಒಂದು ದಿನದ ದೊರೆತನ.

ಸೀಮೆಯ ನೆಲವೂ ಈ ಆಟಕ್ಕೆ ಒದಗಿ ಬಂದಿದೆ. ಪೂರ್ವಕ್ಕೆ ಸವಣೂರಿನ ಎರೆಭೂಮಿ, ಪಶ್ಚಿಮಕ್ಕೆ ಹಾನಗಲ್ಲಿನ ಅರೆಮಲೆನಾಡು, ನಡುವೆ ವರದಾ ನದಿ, ಊರಿಗೊಂದು ಕೆರೆ. ಎರೆಯನ್ನು ಸೀಳಲು ಗಟ್ಟಿ ಜೋಡಿ ಬೇಕಿತ್ತು. ವಿಜಯಪುರ, ಬೆಳಗಾವಿ ಕಡೆಯ ಉದ್ದ ಕೊಂಬಿನ ಖಿಲಾರಿಯೂ, ಅಜ್ಜಂಪುರದ ಕಾವಲುಗಳಲ್ಲಿ ಬೆಳೆದ ಅಮೃತಮಹಲೂ ಸಂಧಿಸುವ ಜಾಗ ಇದು. ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಕೋಟೆ ನವಿಲುಧಾಮವೆಂದು ಹೆಸರಾಗಿದ್ದರೂ, ಅದೇ ಕೋಟೆಯೊಳಗೆ ಖಿಲಾರಿ ತಳಿ ಸಂವರ್ಧನೆಯ ಕೇಂದ್ರವಿದೆ ಎಂಬುದು ಪ್ರವಾಸಿಗರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಅಮೃತಮಹಲ್ ಒಂದು ಕಾಲದಲ್ಲಿ ಮೈಸೂರಿನ ದಂಡಿನ ಸರಂಜಾಮು ಎಳೆದ ತಳಿ. ಅದಕ್ಕೆ ವೇಗವಿದೆ, ದಮ್ಮಿದೆ, ಪರಿಚಯವಿಲ್ಲದವರನ್ನು ಹತ್ತಿರ ಬಿಟ್ಟುಕೊಳ್ಳದ ಸಿಟ್ಟೂ ಇದೆ. ದಂಡಿಗೆ ಬೇಕಾಗಿದ್ದ ಇವೇ ಗುಣಗಳು ಇಂದು ಅಖಾಡಕ್ಕೆ ಬೇಕಾಗಿವೆ.

ತಿರುವು ಬಂದದ್ದು ಟ್ರ್ಯಾಕ್ಟರಿನಿಂದ. ಉಳುಮೆಯಿಂದ ಹೋರಿ ಹಿಂದೆ ಸರಿದಂತೆಲ್ಲ ಆಟದಲ್ಲಿ ಮುಂದೆ ಬಂತು. ಹಬ್ಬದ ಒಂದು ದಿನದ ಓಟ ದೀಪಾವಳಿಯಿಂದ ಶಿವರಾತ್ರಿಯ ಆಚೆಗೂ ಚಾಚಿಕೊಂಡಿತು. ಓಣಿಯ ಜಾಗದಲ್ಲಿ ಬೇಲಿ ಕಟ್ಟಿದ ಅಖಾಡ ಬಂತು. ಊರ ಹಿರಿಯರ ಜಾಗದಲ್ಲಿ ರಸೀದಿ ಪುಸ್ತಕ ಹಿಡಿದ ಕಮಿಟಿ ಬಂತು. ಬಹುಮಾನವಾಗಿ ಕೊಡ ಮತ್ತು ತಿಜೋರಿ ಇದ್ದದ್ದು ಬೈಕಾಯಿತು, ಬಂಗಾರವಾಯಿತು, ದೊಡ್ಡ ಅಖಾಡಗಳಲ್ಲಿ ಟ್ರ್ಯಾಕ್ಟರೂ ಆಯಿತು. ಹೋರಿಯನ್ನು ಹೊಲದಿಂದ ಹೊರಗಟ್ಟಿದ ಯಂತ್ರವೇ ಅದು ಗೆಲ್ಲಬೇಕಾದ ಬಹುಮಾನವಾಗಿ ಅಖಾಡದ ಅಂಚಿನಲ್ಲಿ ಹೂವಿನ ಹಾರ ಹಾಕಿಸಿಕೊಂಡು ನಿಂತಿರುತ್ತದೆ. ಗಡಿ ದಾಟಿ ಶಿವಮೊಗ್ಗ ಜಿಲ್ಲೆಯ ಸೊರಬ, ಶಿಕಾರಿಪುರದವರೆಗೂ ಇದೇ ಋತುಮಾನ, ಇದೇ ಹುಚ್ಚು.

ಹಲ್ಲಿನ ಲೆಕ್ಕ

ಹೋರಿಯ ವಯಸ್ಸನ್ನು ಇಲ್ಲಿ ಹಲ್ಲಿನಿಂದ ಎಣಿಸುತ್ತಾರೆ. ಹಾಲುಹಲ್ಲು ಬಿದ್ದು ಮೊದಲ ಜೋಡಿ ಬರುವುದು ಎರಡು ವರ್ಷದ ಆಸುಪಾಸಿಗೆ. ಆಮೇಲೆ ನಾಲ್ಕು ಹಲ್ಲು, ಆರು ಹಲ್ಲು. ಐದರ ಹೊತ್ತಿಗೆ ಬಾಯಿ ಕೂಡುತ್ತದೆ. ಎರಡು ಹಲ್ಲಿನ ಮರಿಯನ್ನು ಅಖಾಡಕ್ಕೆ ಬಿಡುವುದು ಗದ್ದಲದ ರುಚಿ ತೋರಿಸಲಿಕ್ಕೆ. ಮೈ ತುಂಬಿ ಓಡುವುದು ಬಾಯಿ ಕೂಡಿದ ಮೇಲಿನ ಐದಾರು ವರ್ಷ. ಹತ್ತು ದಾಟಿದ ಮೇಲೆ ಕೀಲು, ಗೊರಸು, ಉಸಿರು ಒಂದೊಂದಾಗಿ ಕೈಕೊಡುತ್ತವೆ. ಆದರೆ ಚೆನ್ನಾಗಿ ಮೇಯಿಸಿದ ದನ ಹದಿನೆಂಟು, ಇಪ್ಪತ್ತು ವರ್ಷ ಬದುಕಬಲ್ಲದು. ಅಂದರೆ ಒಂದು ಹೋರಿ ಅಖಾಡದಲ್ಲಿ ಓಡಿದಷ್ಟೇ ವರ್ಷಗಳನ್ನು ಅಖಾಡದಿಂದ ಹೊರಬಿದ್ದ ಮೇಲೂ ಕಳೆಯಬೇಕು. ಕೊಳ್ಳುವಾಗ ಈ ಲೆಕ್ಕ ಹಾಕುವವರನ್ನು ಕಾಣುವುದು ಕಷ್ಟ.

ಓಡುವ ವರ್ಷಗಳ ಆರೈಕೆ ನೋಡಿದರೆ ಯಾವ ಕ್ರೀಡಾ ವಸತಿನಿಲಯದ ಹುಡುಗನಿಗೂ ಹೊಟ್ಟೆಕಿಚ್ಚಾಗಬೇಕು. ನಸುಕಿನಲ್ಲಿ ನಡಿಗೆ, ಕೆರೆಯಲ್ಲಿ ಈಜು, ಉಸುಕಿನಲ್ಲಿ ಓಟ. ಬೇಯಿಸಿದ ಹುರಳಿ, ಹತ್ತಿಕಾಳು, ಶೇಂಗಾ ಹಿಂಡಿ, ಬೆಲ್ಲ, ಹಾಲು, ಮೊಟ್ಟೆ. ಸಂಜೆ ಮೈ ತಿಕ್ಕಲು ಮನೆಯ ಹುಡುಗರ ಪಾಳಿ. ಮನೆಯಲ್ಲಿ ಮೊಟ್ಟೆ ತಿನ್ನದವರೂ ಹೋರಿಗೆ ಮೊಟ್ಟೆ ತರುತ್ತಾರೆ. ಒಡೆಯರೆಲ್ಲ ಸಿರಿವಂತರೇನಲ್ಲ, ಎರಡು ಮೂರು ಎಕರೆಯವರೇ ಬಹಳ. ಹೆಸರು ಮಾಡಿದ ಹೋರಿಯ ಬೆಲೆ ಲಕ್ಷಗಳಲ್ಲಿ ನಡೆಯುತ್ತದೆ. ಗೆದ್ದ ಬಹುಮಾನವನ್ನೆಲ್ಲ ಕೂಡಿಸಿದರೂ ಮೇಯಿಸಿದ ಖರ್ಚು ಹುಟ್ಟದೆಂದು ಒಡೆಯರೇ ನಗುತ್ತ ಹೇಳುತ್ತಾರೆ. ತಮಿಳುನಾಡಿನ ಜಲ್ಲಿಕಟ್ಟಿನ ಊರುಗಳಿಂದ ಹೋರಿ ತರುವವರೂ ಇದ್ದಾರೆ. ಅಲ್ಲಿಯ ಭಾಷೆ ಕೇಳಿ ಬೆಳೆದ ಹೋರಿ ಇಲ್ಲಿಯ ಕೂಗಿಗೆ ಒಗ್ಗಲು ಒಂದು ಋತುಮಾನ ಬೇಕಂತೆ.

ಹೊರಗಿನವರು ಈ ಆಟದಲ್ಲಿ ಕಾಣುವುದು ಬರಿಯ ಬೆದರಿಕೆ. ಒಳಗಿನವರು ಕಾಣುವುದು ಚಳಕ. ತಿವಿಯುವ ಹೋರಿಯನ್ನು ಬಲ್ಲವರು ಹೊಗಳುವುದಿಲ್ಲ. ಅವರು ಕೊಂಡಾಡುವುದು ತಪ್ಪಿಸುವ ಹೋರಿಯನ್ನು. ದನದ ಕಣ್ಣು ತಲೆಯ ಎರಡು ಬದಿಗಿರುವುದರಿಂದ ಅದು ಸುಮಾರು 330 ಡಿಗ್ರಿಯಷ್ಟು ಸುತ್ತಳತೆಯನ್ನು ನೋಡಬಲ್ಲದು. ಕಾಣದಿರುವುದು ಬೆನ್ನ ಹಿಂದಿನ ಕಿರಿದಾದ ಪಟ್ಟಿ ಮಾತ್ರ. ಪೈಲ್ವಾನ ಬರುವುದು ಆ ಪಟ್ಟಿಯಿಂದ. ಪಳಗಿದ ಹೋರಿ ಇದನ್ನು ಕಲಿತಿರುತ್ತದೆ. ಬೇಲಿಯ ಬಳಿ ಒಂದು ಹೆಜ್ಜೆ ನಿಧಾನಿಸಿ, ಭುಜವನ್ನು ಎಡಕ್ಕೆ ತಗ್ಗಿಸಿ, ಕೈಚಾಚಿದವನು ಎಡಕ್ಕೆ ವಾಲುವಷ್ಟರಲ್ಲಿ ಬಲಕ್ಕೆ ನೆಗೆಯುತ್ತದೆ. ಕೊರಳಿಗೆ ಬಿಗಿದ ಪೀಪಿ, ಅಂದರೆ ಬಲೂನು ರಿಬ್ಬನ್ನುಗಳ ಆಳೆತ್ತರದ ಅಲಂಕಾರ, ಅಷ್ಟಕ್ಕೂ ವಾಲುವುದಿಲ್ಲ. ಇಡೀ ಓಟ ಅರೆನಿಮಿಷ ಹಿಡಿಯಬಹುದು. ಅದರ ವಿಮರ್ಶೆ ಮುಂದಿನ ಅಖಾಡದವರೆಗೆ ಚಹಾದ ಅಂಗಡಿಯಲ್ಲಿ ನಡೆಯುತ್ತದೆ.

ಡಾನ್, ರಾಕ್ಷಸ, ಹುಲಿ, ಸರದಾರ ಎಂಬ ಜಾಡಿನ ಹೆಸರುಗಳು. ಹೆಸರಿನ ಹಿಂದೊಂದು ನಂಬರು. ಅಂಗಿಯ ಮೇಲೆ ಹೋರಿಯ ಚಿತ್ರ ಅಚ್ಚು ಹಾಕಿಸಿದ ಅಭಿಮಾನಿ ಬಳಗ. ಮೊಬೈಲಿನಲ್ಲಿ ಹಾಡು ಕೂಡಿಸಿದ ವಿಡಿಯೊ. ವರ್ಷಕ್ಕೊಮ್ಮೆ ಕೇಕು ಕತ್ತರಿಸಿ ಹುಟ್ಟುಹಬ್ಬ. ಸಿನಿಮಾ ನಟನಿಗೆ ಸಲ್ಲುವುದೆಲ್ಲ ಹೋರಿಗೂ ಸಲ್ಲುತ್ತದೆ. ಬಯಲಲ್ಲಿ ಬದುಕುವ ಪ್ರಾಣಿಗೆ ಕೇಕಿನಿಂದ ಆಗಬೇಕಾದ್ದೇನು ಎಂದು ಮೂಗು ಮುರಿಯುವುದು ಸುಲಭ. ಹಿರೇಕೆರೂರಿನ ಒಂದು ಸಣ್ಣ ಹಳ್ಳಿಯ ಹೆಸರನ್ನು ನಾಲ್ಕು ತಾಲ್ಲೂಕಿನ ಜನ ಬಾಯಲ್ಲಿ ಆಡುವಂತೆ ಮಾಡಿದ್ದು ಆ ಊರಿನ ಶಾಲೆಯಲ್ಲ, ಪಂಚಾಯ್ತಿಯಲ್ಲ, ಒಂದು ಹೋರಿ ಎಂಬುದನ್ನು ನೆನೆದರೆ ಮೂಗು ತುಸು ನೆಟ್ಟಗಾಗುತ್ತದೆ.

ಕೊಬ್ಬರಿಗೆ ಕೈ ಹಾಕುವವರು

ಎದುರಾಳಿಯ ಮಾತು ಬೇರೆ. ಅಖಾಡದಲ್ಲಿ ಅವನನ್ನು ಪೈಲ್ವಾನ ಎಂದು ಕರೆದರೂ ಗರಡಿಯ ಮಣ್ಣು ಮುಟ್ಟಿದವರು ಅವರಲ್ಲಿ ಕಡಿಮೆ. ಗೌಂಡಿ ಕೆಲಸದವರು, ಟಂಟಂ ಓಡಿಸುವವರು, ಐಟಿಐ ಓದುವವರು, ಹೊಲದ ಹುಡುಗರು. ಅವರ ಆಟದ ಆಯುಷ್ಯ ಹದಿನೆಂಟರಿಂದ ಮೂವತ್ತರವರೆಗೆ, ಬಹಳವೆಂದರೆ. ತಾಲೀಮಿಲ್ಲ, ವಸ್ತಾದಿಯಿಲ್ಲ, ತೂಕದ ವರ್ಗವಿಲ್ಲ. ಹರಿದ ಕೊಬ್ಬರಿಯೇ ಮೊದಲ ಬಹುಮಾನ; ಒಳ್ಳೆಯ ಹಿಡಿತ ತೋರಿದವರಿಗೆ ಕಮಿಟಿ ಕೊಡುವುದು ಹೋರಿಗೆ ಸಲ್ಲುವ ಬಹುಮಾನದ ಬಾಲದಷ್ಟು. ಜಿಲ್ಲೆಯ ತುಂಬ ಹೆಸರಾದ ಹತ್ತಾರು ಹೋರಿಗಳನ್ನು ಈ ಸೀಮೆಯ ಯಾವ ಹುಡುಗನಾದರೂ ಒಂದೇ ಉಸಿರಿಗೆ ಹೇಳಿಯಾನು. ಅವುಗಳ ಕೊಬ್ಬರಿ ಹರಿದವರ ಹೆಸರು ಕೇಳಿದರೆ ಅವನು ತಲೆ ಕೆರೆದುಕೊಳ್ಳುತ್ತಾನೆ.

ಮೇಲೆ ಹೇಳಿದ ತಿಜೋರಿಯ ಕೆಳಗಿನ ಅರೆಯಲ್ಲಿ ಒಂದು ದೊಡ್ಡ ಖಾಕಿ ಲಕೋಟೆಯಿದೆ. ಅದರಲ್ಲಿರುವುದು ಆ ಮನೆಯ ಹಿರಿಮಗನ ಎಕ್ಸರೇಗಳು. ಆತ ಎಂಟು ದೀಪಾವಳಿ ಅಖಾಡಕ್ಕೆ ಇಳಿದವನು. ಒಂಬತ್ತನೆಯದರಲ್ಲಿ ಬೇಲಿಗೂ ಹೋರಿಗೂ ನಡುವೆ ಸಿಕ್ಕು ಪಕ್ಕೆಲುಬು ಮುರಿದು, ಮೊಣಕಾಲು ತಿರುಚಿತು. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ ಮೂರು ವಾರ. ಈಗ ನಲವತ್ತರ ಹತ್ತಿರ. ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯಲು ಆಗದೆ ಊರ ಹಾಲಿನ ಡೇರಿಯಲ್ಲಿ ಬರೆಯುವ ಕೆಲಸ ಹಿಡಿದಿದ್ದಾನೆ. ಎಕ್ಸರೇ ಹಾಳೆಯನ್ನು ಬೆಳಕಿಗೆ ಹಿಡಿದು ಮುರಿದ ಜಾಗ ತೋರಿಸುವಾಗ ಅವನ ದನಿಯಲ್ಲಿ ದೂರಿಗಿಂತ ಹೆಚ್ಚಾಗಿ ಇದ್ದದ್ದು ಆ ಹೋರಿಯ ಬಗ್ಗೆ ಮೆಚ್ಚುಗೆ. ಅದು ಯಾವ ಊರಿನದು, ಯಾರಿಗೆ ಮಾರಾಟವಾಯಿತು, ಎಂದು ಸತ್ತಿತು ಎಲ್ಲ ಅವನಿಗೆ ಗೊತ್ತು.

ಗರಡಿಯ ಕುಸ್ತಿಪಟುವಿನ ಸ್ಥಿತಿಯೊಂದಿಗೆ ಇದನ್ನು ಹೋಲಿಸಿ ನೋಡಬೇಕು. ಜಾತ್ರೆಯ ಕುಸ್ತಿಯೂ ಒಂದು ಕಾಲಕ್ಕೆ ಹೀಗೇ ಊರಿನ ಖಯಾಲಿಯಾಗಿತ್ತು. ಗೆದ್ದವನಿಗೆ ಬೆಳ್ಳಿ ಕಡಗ, ಸೋತವನಿಗೆ ತೆಂಗಿನಕಾಯಿ. ನಿಧಾನವಾಗಿ ಅದರ ಸುತ್ತ ವ್ಯವಸ್ಥೆಯೊಂದು ಬೆಳೆಯಿತು. ರಾಜ್ಯ, ರಾಷ್ಟ್ರ, ಅಂತರರಾಷ್ಟ್ರೀಯ ಎಂಬ ಮೂರು ದರ್ಜೆಗಳಲ್ಲಿ ಮಾಜಿ ಪೈಲ್ವಾನರಿಗೆ ರಾಜ್ಯ ಸರ್ಕಾರ ಮಾಸಾಶನ ಕೊಡುತ್ತದೆ. ನೇಮಕಾತಿಯಲ್ಲಿ ಸಾಧಕ ಕ್ರೀಡಾಪಟುಗಳಿಗೆ ಮೀಸಲು ಪಾಲು ಬಂದಿದೆ. ಇದೂ ಕೊರತೆಯಿಲ್ಲದ ಏರ್ಪಾಡೇನಲ್ಲ. ಮಾಸಾಶನದ ಅರ್ಜಿ ಕೇಳುವುದು ಪ್ರಮಾಣಪತ್ರ. ಹಳೆಯ ಜಾತ್ರೆಗಳು ಕಡಗ ಕೊಟ್ಟವೇ ಹೊರತು ಕಾಗದ ಕೊಡಲಿಲ್ಲ. ಕಿವಿ ಮುರುಟಿ ಕೂತ ಎಷ್ಟೋ ಹಿರಿಯರಿಗೆ ತಾವು ಪೈಲ್ವಾನರಾಗಿದ್ದೆವೆಂದು ತೋರಿಸಲು ಇರುವ ಪುರಾವೆ ಆ ಕಿವಿಯೊಂದೇ. ಹಾಗಿದ್ದೂ ಅವರಿಗೆ ಅರ್ಜಿ ಹಾಕಲು ಒಂದು ಬಾಗಿಲಾದರೂ ಇದೆ. ಹೋರಿಯ ಪೈಲ್ವಾನನಿಗೆ ಅದೂ ಇಲ್ಲ, ಏಕೆಂದರೆ ಅವನ ಆಟ ಯಾವ ಪಟ್ಟಿಯಲ್ಲೂ ಕ್ರೀಡೆಯಲ್ಲ.

ಕರಾವಳಿಯ ಕಂಬಳ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಕೋಣ ಓಡಿಸಿದ ಕಟ್ಟಡ ಕಾರ್ಮಿಕನೊಬ್ಬ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ದೇಶವೇ ತಿರುಗಿ ನೋಡಿತು. ಓಟದ ಪರೀಕ್ಷೆಗೆ ಕರೆ ಬಂತು. ಕೋಣದ ಎಳೆತವನ್ನು ಬಿಟ್ಟು ಆ ವೇಗವನ್ನು ಅಳೆಯುವುದು ತಪ್ಪು ಎಂದು ಬಲ್ಲವರು ಎಚ್ಚರಿಸಿದರು. ಆ ಓಟಗಾರ ತನ್ನ ಜಾಗ ಕರೆ, ಅಂದರೆ ಕಂಬಳದ ಕೆಸರಿನ ಓಟದ ಹಾದಿಯೇ ಎಂದು ಹಿಂದೆ ಸರಿದ. ಇಲ್ಲಿ ಗಮನಿಸಬೇಕಾದ್ದು ವೇಗದ ವಿವಾದವನ್ನಲ್ಲ, ಅಳತೆ ಇತ್ತು ಎಂಬುದನ್ನು. ಕರೆಯ ಉದ್ದ ಗೊತ್ತಿತ್ತು, ಗಡಿಯಾರ ಇತ್ತು, ಓಡಿಸಿದವನ ಹೆಸರು ಕೋಣದ ಹೆಸರಿನ ಜೊತೆ ದಾಖಲಾಗಿತ್ತು. ಬಯಲುಸೀಮೆಯ ಅಖಾಡದಲ್ಲಿ ಅದಕ್ಕಿಂತ ಕಡಿಮೆ ಓಟಗಾರರಿಲ್ಲ. ಬರೆದುಕೊಂಡವರಿಲ್ಲ.

ಕಾಯ್ದೆಯ ಕಣ್ಣು

ಆಟದ ಮೇಲೆ ಕಾನೂನಿನ ನೆರಳು ದಟ್ಟವಾಗಿ ಬಿದ್ದದ್ದು 2014ರ ಮೇ 7ರಂದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮತ್ತು ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಹೋರಿಯನ್ನು ಸೇರಿಸಿದ 2011ರ ಕೇಂದ್ರದ ಅಧಿಸೂಚನೆಯ ಆಧಾರದಲ್ಲಿ ಸರ್ವೋಚ್ಚ ನ್ಯಾಯಾಲಯ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. ಅಂಜಿ ಓಡುವುದು ದನದ ಸ್ವಭಾವ, ಆ ಅಂಜಿಕೆಯನ್ನು ಮನರಂಜನೆ ಮಾಡಿಕೊಳ್ಳಬಾರದು ಎಂಬುದು ಆ ತೀರ್ಪಿನ ತಿರುಳು. ಬಾಲ ತಿರುಚುವುದು, ಮದ್ಯ ಕುಡಿಸುವುದು, ಕಣ್ಣಿಗೆ ಖಾರ ಎರಚುವುದು ಮುಂತಾದ ದೂರುಗಳು ಅಲ್ಲಿ ಚರ್ಚೆಗೆ ಬಂದವು. 2017ರಲ್ಲಿ ಕರ್ನಾಟಕ ತನ್ನ ತಿದ್ದುಪಡಿ ತಂದು ಕಂಬಳ, ಹೋರಿ ಓಟ ಮತ್ತು ಎತ್ತಿನ ಗಾಡಿ ಓಟಗಳಿಗೆ ರಕ್ಷಣೆ ಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಮೂರು ರಾಜ್ಯಗಳ ಇಂಥ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಕೊಬ್ಬರಿ ಹರಿಯುವ ಆಟ ಓಟವೋ ಪಟ್ಟೋ ಎಂಬ ಜಿಜ್ಞಾಸೆ ಮಾತ್ರ ಉಳಿದುಕೊಂಡಿತು. ಹೀಗಾಗಿ ಇಂದಿಗೂ ಪ್ರತಿ ದೀಪಾವಳಿಗೆ ಮುನ್ನ ಅನುಮತಿಯ ಹಗ್ಗಜಗ್ಗಾಟ ನಡೆಯುತ್ತದೆ. 2022ರಲ್ಲಿ ಚರ್ಮಗಂಟು ರೋಗ ಸೀಮೆಯನ್ನು ಕಾಡಿದಾಗ ದನದ ಜಾತ್ರೆಗಳೊಂದಿಗೆ ಹೋರಿ ಓಟಕ್ಕೂ ತಡೆ ಬಿತ್ತು.

ನಿಷೇಧ ಬೇಕೆನ್ನುವವರ ವಾದಕ್ಕೆ ತೂಕವಿದೆ. ಪ್ರತಿ ವರ್ಷ ಜನ ಸಾಯುತ್ತಾರೆ. 2025ರ ದೀಪಾವಳಿಯಲ್ಲೂ ಹಾವೇರಿ ಜಿಲ್ಲೆಯ ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ಜೀವ ಹೋದವು. ಸತ್ತವರಲ್ಲಿ ಆಟಕ್ಕೂ ತಮಗೂ ಸಂಬಂಧವಿಲ್ಲದೆ ದಾರಿಯಲ್ಲಿದ್ದವರೂ ಇರುತ್ತಾರೆ. ಆದರೆ ಅನಾಹುತಗಳ ಬಗೆ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಜೋಡಿ ಬೇಲಿ, ಪಶುವೈದ್ಯರು, ಆಂಬುಲೆನ್ಸು ಇರುವ ಕಮಿಟಿಯ ಅಖಾಡಕ್ಕಿಂತ, ಹಬ್ಬದ ಸಂಜೆ ಯಾರ ಅಂಕೆಯೂ ಇಲ್ಲದೆ ಓಣಿಗೆ ಬಿಟ್ಟ ಹೋರಿಯೇ ಹೆಚ್ಚು ಅಪಾಯ. ಅನುಮತಿ ನಿರಾಕರಿಸಿದಾಗ ಆಟ ನಿಲ್ಲುವುದಿಲ್ಲ, ಅಖಾಡದಿಂದ ಓಣಿಗೆ ಹಿಂತಿರುಗುತ್ತದೆ.

ಪರವಾಗಿರುವವರು ಮುಂದಿಡುವ ದೊಡ್ಡ ವಾದ ತಳಿಯದು: ಆಟ ನಿಂತರೆ ಅಮೃತಮಹಲ್, ಖಿಲಾರಿಗಳನ್ನು ಯಾರು ಸಾಕುತ್ತಾರೆ? ಇದರಲ್ಲಿ ಅರ್ಧ ಸತ್ಯವಿದೆ. ನಾಟಿ ಹೋರಿಗೆ ಇಂದು ಬೆಲೆ ತಂದುಕೊಟ್ಟಿರುವುದು ಅಖಾಡವೇ. ಆದರೆ ತಳಿ ಉಳಿಯುವುದು ಆಕಳಿನಿಂದ. ಓಡಿ ಗೆದ್ದ ಹೋರಿ ಆಕಳ ಮಂದೆಗೆ ಸೇರದೆ ಹಗ್ಗದಲ್ಲೇ ಮುದಿಯಾದರೆ ಅದರ ಕಾಲಿನ ವೇಗ ಅದರೊಂದಿಗೇ ಮಣ್ಣಾಗುತ್ತದೆ.

ಸಮಾಧಿ ಮತ್ತು ಸಂತೆ

ಹೆಸರು ಮಾಡಿದ ಹೋರಿ ಸತ್ತರೆ ಈ ಊರುಗಳಲ್ಲಿ ಸೂತಕವಿರುತ್ತದೆ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೂ ಹೊದಿಸಿ ಮೆರವಣಿಗೆ, ಭಜನೆ, ಹೊಲದ ಬದುವಿನಲ್ಲಿ ಸಮಾಧಿ, ವರ್ಷಕ್ಕೊಮ್ಮೆ ಪುಣ್ಯತಿಥಿ. ಹೊರಗಿನವರಿಗೆ ಅತಿಯೆನಿಸಬಹುದಾದ ಈ ನಡವಳಿಕೆಗೆ ಕನ್ನಡ ನೆಲದಲ್ಲಿ ಹಳೆಯ ಬೇರಿದೆ. ಹತ್ತನೆಯ ಶತಮಾನದ ಆತಕೂರು ಶಾಸನ ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು. ಹಾನಗಲ್, ಹಿರೇಕೆರೂರು ಸೀಮೆಯ ಗುಡಿಯಂಗಳಗಳಲ್ಲಿ ಸಾಲಾಗಿ ನಿಂತ ವೀರಗಲ್ಲುಗಳಲ್ಲಿ ತುರುಗೋಳಿನವೂ ಇವೆ: ಊರ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತವರ ಕಲ್ಲುಗಳು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ಪಕ್ಕದಲ್ಲಿ ದನದ ಹಿಂಡು. ದನಕ್ಕಾಗಿ ಜೀವ ಕೊಟ್ಟವನನ್ನು ಕಲ್ಲಿನಲ್ಲಿ ಕೊರೆದು ನೆನೆದ ಸೀಮೆಯಲ್ಲಿ ಇಂದು ಕಲ್ಲು ಸಿಗುವುದು ಹೋರಿಗೆ, ಅದರೆದುರು ನಿಂತವನಿಗಲ್ಲ. ನೆನಪಿನ ಈ ಪಲ್ಲಟ ಯೋಚಿಸಬೇಕಾದ್ದು.

ಸಮಾಧಿ ಸಿಗುವುದು ಕೆಲವಕ್ಕೆ. ಉಳಿದವುಗಳ ಹಾದಿ ಬೇರೆ. ಎರಡು ಮೂರು ಅಖಾಡದಲ್ಲಿ ಕೊಬ್ಬರಿ ಕಳೆದುಕೊಂಡ ಹೋರಿಯ ಬೆಲೆ ಇಳಿಯುತ್ತದೆ. ಕೈಯಿಂದ ಕೈಗೆ, ಊರಿಂದ ಊರಿಗೆ ದಾಟುತ್ತದೆ. ಪಳಗಿಸಿದರೆ ಚಕ್ಕಡಿಗೆ ಬೀಳುತ್ತದೆ, ಪಳಗದಿದ್ದರೆ ಸಂತೆಗೆ. ಮೊದಲು ಸಂತೆಯ ಆಚೆಗೊಂದು ಕೊನೆಯಿತ್ತು. 1964ರ ಕಾಯ್ದೆ ಹನ್ನೆರಡು ವರ್ಷ ಮೀರಿದ ಎತ್ತು ಹೋರಿಗಳನ್ನು, ಅಧಿಕಾರಿಯ ಪ್ರಮಾಣಪತ್ರದ ಮೇರೆಗೆ, ಕಸಾಯಿಖಾನೆಗೆ ಕೊಡಲು ಬಿಟ್ಟಿತ್ತು. 2020ರ ಕಾಯ್ದೆ ಆ ದಾರಿಯನ್ನು ಮುಚ್ಚಿದೆ. ಅದು ಸರಿಯೋ ತಪ್ಪೋ ಎಂಬುದು ಇಲ್ಲಿಯ ಚರ್ಚೆಯಲ್ಲ. ಪರಿಣಾಮ ಮಾತ್ರ ಸ್ಪಷ್ಟ: ಮುದಿ ಹೋರಿಯ ಏಳೆಂಟು ವರ್ಷಗಳ ಮೇವು ಇನ್ನು ಪೂರ್ತಿ ಸಾಕಿದವನ ಹೆಗಲಿಗೆ. ಓಡುವಾಗ ಬಾಟಲಿಗಟ್ಟಲೆ ಹಾಲು ತಂದುಕೊಡುತ್ತಿದ್ದ ಅಭಿಮಾನಿ ಬಳಗ ಆ ಹೊತ್ತಿಗೆ ಇನ್ನೊಂದು ಹೋರಿಯ ಹೆಸರು ಹೊತ್ತ ಅಂಗಿ ಹೊಲಿಸಿರುತ್ತದೆ.

ದೂರದ ಒಂದು ಹೋಲಿಕೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ದಕ್ಷಿಣ ಫ್ರಾನ್ಸಿನ ಕಾಮಾರ್ಗ್ ಎಂಬ ಜವುಗು ಬಯಲಿನಲ್ಲಿ ನಮ್ಮ ಕೊಬ್ಬರಿ ಹೋರಿಗೆ ಅಚ್ಚರಿಯಾಗುವಷ್ಟು ಹತ್ತಿರದ ಆಟವಿದೆ. ಹೋರಿಯ ಕೊಂಬಿಗೆ ದಾರ, ರಿಬ್ಬನ್ನಿನ ಗೊಂಡೆ ಕಟ್ಟಿ ಬಿಡುತ್ತಾರೆ. ಬಿಳಿ ಬಟ್ಟೆ ತೊಟ್ಟ ಓಟಗಾರರು ಅದನ್ನು ಕಿತ್ತುಕೊಳ್ಳಬೇಕು. ಕೊಲ್ಲುವ ಮಾತಿಲ್ಲ. ಒಂದು ಹೋರಿಗೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಅಖಾಡವಿಲ್ಲ. ಆಮೇಲೆ ಅದು ಮಂದೆಗೆ ಮರಳುತ್ತದೆ. ಭಿತ್ತಿಪತ್ರದಲ್ಲಿ ಹೋರಿಯ ಹೆಸರೇ ದಪ್ಪಕ್ಷರದಲ್ಲಿ. ವರ್ಷದ ಉತ್ತಮ ಹೋರಿಗೆ ಪ್ರಶಸ್ತಿ, ಓಟಗಾರರಿಗೆ ಪರವಾನಗಿ, ಅಂಕ, ಋತುಮಾನದ ಪಟ್ಟಿ. ಮುದಿಯಾದ ಹೋರಿ ಬಯಲಲ್ಲಿ ಮೇದು ಸಾಯುತ್ತದೆ. 1933ರಲ್ಲಿ ಸತ್ತ ಸಾಂಗ್ಲಿಯೆ ಎಂಬ ಹೋರಿಯ ಗೋರಿ ಲ ಕೈಲಾರ್ ಎಂಬ ಊರಿನಲ್ಲಿ ಇಂದಿಗೂ ಇದೆ. ಅಲ್ಲಿಯೂ ಗಾಯಗಳಿವೆ, ವಿರೋಧವಿದೆ. ಅದನ್ನು ಆದರ್ಶವೆಂದು ಹೊತ್ತು ತರಬೇಕಾಗಿಲ್ಲ. ಅಲ್ಲಿ ವಿಶಾಲ ಹುಲ್ಲುಗಾವಲಿದೆ, ನಮ್ಮಲ್ಲಿ ಗೋಮಾಳಗಳು ಕರಗಿವೆ ಎಂಬ ವ್ಯತ್ಯಾಸವೂ ಸಣ್ಣದಲ್ಲ. ಹೋರಿಯ ಮೇಲಿನ ಪ್ರೀತಿಯಲ್ಲಿ ಹಾನಗಲ್ಲು ಕಾಮಾರ್ಗಿಗಿಂತ ಒಂದು ಗುಲಗಂಜಿಯೂ ಕಡಿಮೆಯಿಲ್ಲ. ಕಡಿಮೆ ಇರುವುದು ಲೆಕ್ಕ ಬರೆದಿಡುವ ರೂಢಿ.

ಪರವಾನಗಿಯ ಹಾಳೆ

ಈ ಆಟ ನಿಲ್ಲಬೇಕೆ, ನಡೆಯಬೇಕೆ ಎಂಬ ಪ್ರಶ್ನೆಗೆ ಹತ್ತು ವರ್ಷ ಖರ್ಚಾಗಿದೆ. ಆ ಗದ್ದಲದಲ್ಲಿ ಆಡುವವರ ಬದುಕಿನ ಪ್ರಶ್ನೆ ಹಿಂದೆ ಬಿದ್ದಿತು. ನಡೆಯಲಿ ಎಂದು ಶಾಸನಸಭೆ ನಿರ್ಧರಿಸಿದ ಮೇಲೆ, ಅನುಮತಿಯ ಜೊತೆಗೇ ಹೊಣೆಯನ್ನೂ ಬರೆದುಕೊಡುವುದು ನ್ಯಾಯವೆಂದು ತೋರುತ್ತದೆ. ಇದಕ್ಕೆ ಹೊಸ ಸಾಮ್ರಾಜ್ಯ ಕಟ್ಟಬೇಕಾಗಿಲ್ಲ. ದನದ ಕಿವಿಗೆ ಹನ್ನೆರಡು ಅಂಕಿಯ ಓಲೆ ಹಾಕುವ ಪದ್ಧತಿ ಈಗಾಗಲೇ ದೇಶದಲ್ಲಿದೆ; ಅದೇ ಸಂಖ್ಯೆಯ ಮೇಲೆ ಹೋರಿ ಒಂದು ಋತುಮಾನದಲ್ಲಿ ಎಷ್ಟು ಅಖಾಡ ಓಡಿತು, ಎಲ್ಲಿ ಗಾಯಗೊಂಡಿತು, ಹಲ್ಲು ಎಷ್ಟು ಎಂದು ಪಶುವೈದ್ಯರು ಬರೆದರೆ ಸಾಕು. ಇಂತಿಷ್ಟು ವಯಸ್ಸಿನ ಮೇಲೆ ಓಡಿಸಬಾರದೆಂಬ ಮಿತಿ ತನ್ನಿಂದ ತಾನೇ ಜಾರಿಗೆ ಬರುತ್ತದೆ. ಬಹುಮಾನದ ಒಂದು ಪಾಲನ್ನು ಹೋರಿಯ ಮುಪ್ಪಿಗೆಂದು ಠೇವಣಿ ಇಡಿಸುವುದು, ಪೈಲ್ವಾನನ ಹೆಸರು ನೋಂದಾಯಿಸಿ ಅವನ ವಿಮೆಯ ಕಂತನ್ನು ಕಮಿಟಿಯಿಂದ ಕಟ್ಟಿಸುವುದು, ಇವೆರಡಕ್ಕೆ ಒಂದು ಟ್ರ್ಯಾಕ್ಟರಿನ ಬೆಲೆಯ ಸಣ್ಣ ಚೂರು ಸಾಕಾದೀತು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ. ಅದರ ಹೊಸ್ತಿಲಿನಿಂದ ಕೂಗಳತೆಯ ಊರುಗಳಲ್ಲಿ ಹಲ್ಲು ಎಣಿಸಬಲ್ಲ, ಓಟ ಓದಬಲ್ಲ ಮುದುಕರು ಇನ್ನೂ ಇದ್ದಾರೆ.

ಇದರಿಂದ ಹಬ್ಬದ ಹುಮ್ಮಸ್ಸು ಕಾಗದಪತ್ರದಲ್ಲಿ ಸತ್ತೀತು ಎಂಬ ಆತಂಕ ಕಮಿಟಿಗಳದು. ಆತಂಕ ಸುಳ್ಳೇನಲ್ಲ, ಗರಡಿಗೆ ಮ್ಯಾಟು ಬಂದ ಮೇಲೆ ಮಣ್ಣಿನ ಕುಸ್ತಿ ಸೊರಗಿದ್ದನ್ನು ನಾವೇ ನೋಡಿದ್ದೇವೆ. ಹಾಗೆಂದು ಲೆಕ್ಕವೇ ಬೇಡವೆಂದರೆ, ಮುಂದೊಂದು ದಿನ ನ್ಯಾಯಾಲಯ ಪುರಾವೆ ಕೇಳಿದಾಗ ಈ ಸೀಮೆಯ ಕೈಯಲ್ಲಿ ವಿಡಿಯೊಗಳು ಮತ್ತು ತಿಜೋರಿಗಳ ಹೊರತು ಏನೂ ಇರುವುದಿಲ್ಲ.

ಕೊಟ್ಟಿಗೆಯ ಹೋರಿಯನ್ನು ಕಳೆದ ಹಬ್ಬಕ್ಕೆ ಪಕ್ಕದ ಊರಿನವರು ಕರೆದಿದ್ದರು. ಓಡಿಸುವುದು ಬೇಡ, ಜೂಲ ಹೊದಿಸಿ ಅಖಾಡದಲ್ಲಿ ಒಂದು ಸುತ್ತು ನಡೆಸಿಕೊಂಡು ಬನ್ನಿ, ಸನ್ಮಾನ ಮಾಡುತ್ತೇವೆ ಎಂದು. ಮನೆಯಲ್ಲಿ ಎರಡು ದಿನ ಮಾತಾಯಿತು. ಕೊನೆಗೆ ಕೊಂಬಿಗೆ ಎಣ್ಣೆ ಸವರಿ, ಇಬ್ಬರು ಹಗ್ಗ ಹಿಡಿದು ಹೊರಟರು. ಕುಂಟುವ ಹಿರಿಮಗ ಹಿಂದಿನಿಂದ ಬೈಕಿನಲ್ಲಿ. ಅಖಾಡ ಇನ್ನೂ ಒಂದು ಫರ್ಲಾಂಗು ಇತ್ತು. ಹಲಗೆಯ ಸದ್ದು ಗಾಳಿಯಲ್ಲಿ ತೇಲಿ ಬಂದದ್ದೇ ತಡ ಹೋರಿ ನಿಂತಿತು, ಕಿವಿ ನಿಮಿರಿಸಿತು, ಸೀಳಿದ ಗೊರಸಿನ ಕಾಲನ್ನು ನೆಲಕ್ಕೆ ಎರಡು ಬಾರಿ ಕೆರೆಯಿತು. ಹಗ್ಗ ಹಿಡಿದವರು ಸಾಲದೆ ಹಿರಿಮಗನೂ ಇಳಿದು ಜಗ್ಗಬೇಕಾಯಿತು. ಅಲ್ಲಿಂದಲೇ ತಿರುಗಿಸಿಕೊಂಡು ಬಂದರು.